ಕಜ್ಜಾಯ ತಿಂದ ಮೇಲಿನ ಊಟ

ಹಾಸನದವರಿಗೆ ದೀಪಾವಳಿ ಎಂದರೆ ಹಾಸನಾಂಬೆಯ ದರ್ಶನದ ಕಾಲವೂ ಹೌದು. ಆಶ್ವಯುಜ ಹುಣ್ಣಿಮೆಯ ನಂತರದ ಗುರುವಾರ ಬಾಗಿಲು ತೆರೆಯುವ ಗುಡಿ ಬಲಿಪಾಡ್ಯಮಿಯ ಹೊತ್ತಿಗೆ ಮುಚ್ಚಿದರೆ ಮತ್ತೆ ತೆರೆಯುವುದು ಮುಂದಿನ ವರ್ಷವೇ ಆದ್ದರಿಂದ, ಆ ದಿನಗಳಲ್ಲಿ ನಮ್ಮ ಮನೆ ಹೊರಊರುಗಳ ನೆಂಟರಿಂದ ತುಂಬಿರುತ್ತದೆ. ಪಥ್ಯದಲ್ಲಿರುವವರಿಗೆ ಅದಕ್ಕಿಂತ ಕಷ್ಟದ ವಾರ ಇನ್ನೊಂದಿಲ್ಲ. ಕಳೆದ ದೀಪಾವಳಿಗೆ ಸ್ವಲ್ಪ ಮೊದಲು, ರಕ್ತದ ಸಕ್ಕರೆಯ ಮಟ್ಟ ತಿಳಿಯಲು ಮಾಡಿಸಿದ ನನ್ನ ಎಚ್‌ಬಿಎ1ಸಿ ಪರೀಕ್ಷೆಯ ಫಲಿತಾಂಶ ಶೇಕಡಾ 6.1 ಎಂದು ಬಂದಿತ್ತು. 5.7ರಿಂದ 6.4ರವರೆಗಿನದು ಮಧುಮೇಹಕ್ಕೆ ಹಿಂದಿನ ಹಂತ ಎಂದು ವೈದ್ಯರು ವಿವರಿಸಿದ್ದರು. ನಾನು ಕಾಫಿಗೆ ಸಕ್ಕರೆ ಬಿಟ್ಟಿದ್ದೆ, ರಾತ್ರಿಯ ಅನ್ನ ಬಿಟ್ಟಿದ್ದೆ, ಸಿಹಿಯನ್ನು ಮುಟ್ಟುತ್ತಲೇ ಇರಲಿಲ್ಲ.

ನರಕ ಚತುರ್ದಶಿಯ ಬೆಳಿಗ್ಗೆ ಎಣ್ಣೆಸ್ನಾನ ಮುಗಿಸಿ ಬಂದಾಗ ಅತ್ತಿಗೆ ಕಜ್ಜಾಯ ಕರಿಯುತ್ತಿದ್ದರು. ಅಕ್ಕಿ ನೆನೆಸಿ, ನೆರಳಲ್ಲಿ ಆರಿಸಿ, ಹಿಟ್ಟು ಮಾಡಿ, ಹದವಾದ ಬೆಲ್ಲದ ಪಾಕಕ್ಕೆ ಕಲಸಿ ಇಟ್ಟಿದ್ದ ಹಿಟ್ಟನ್ನು ಬಾಳೆ ಎಲೆಯ ಮೇಲೆ ತಟ್ಟಿ ಎಣ್ಣೆಗೆ ಬಿಟ್ಟು, ಕೆಂಪಗೆ ಬೆಂದದ್ದನ್ನು ಎರಡು ಸಟ್ಟುಗಗಳ ನಡುವೆ ಒತ್ತಿ ಎಣ್ಣೆ ಇಳಿಸುವ ಆ ಕೆಲಸವನ್ನು ಅವರಷ್ಟು ಚೆನ್ನಾಗಿ ಮಾಡುವವರನ್ನು ನಾನು ಕಂಡಿಲ್ಲ. ಎರಡು ತಿಂದೆ. ಬಿಸಿಯಾಗಿದ್ದವು, ಅಂಚು ಗರಿಗರಿ, ನಡುವೆ ಮೆತ್ತಗೆ. ತಟ್ಟೆ ಕೆಳಗಿಡುವಷ್ಟರಲ್ಲಿ ಪ್ರತಿ ಹಬ್ಬದಲ್ಲೂ ಬರುವ ಆ ಯೋಚನೆ ಬಂದಿತು: ಈ ದಿನ ಹೇಗೂ ಕೆಟ್ಟಿತು, ಇನ್ನು ತುಳಸಿ ಹಬ್ಬ ಕಳೆದ ಮೇಲೆ ಹೊಸದಾಗಿ ಶುರು ಮಾಡಿದರಾಯಿತು.

ಚತುರ್ದಶಿಯಿಂದ ಉತ್ಥಾನ ದ್ವಾದಶಿಗೆ ಸುಮಾರು ಎರಡು ವಾರ. ಎರಡು ಕಜ್ಜಾಯದಿಂದ ಆಗುವ ಕೆಡುಕು ಎಷ್ಟೋ ಅಷ್ಟೇ; ಎರಡು ವಾರ ಲೆಕ್ಕವಿಲ್ಲದೆ ತಿನ್ನುವುದರಿಂದ ಆಗುವುದು ಬೇರೆಯೇ. ಇಷ್ಟು ಸರಳವಾದ ಲೆಕ್ಕ ಆ ಹೊತ್ತಿನಲ್ಲಿ ಏಕೆ ಕಾಣುವುದಿಲ್ಲ ಎಂದು ನಾನು ಬಹಳ ಯೋಚಿಸಿದ್ದೇನೆ. ನಾವು ಪಥ್ಯವನ್ನು ವ್ರತದಂತೆ ಹಿಡಿಯುತ್ತೇವೆ ಎಂಬುದೇ ಇದಕ್ಕೆ ಕಾರಣವೆಂದು ನನಗೆ ತೋರುತ್ತದೆ. ಅತ್ತೆಯವರ ಏಕಾದಶಿಯಲ್ಲಿ ಒಂದಗುಳು ಬಾಯಿಗೆ ಹೋದರೂ ಉಪವಾಸ ಮುರಿಯಿತು. ಒಂದಗುಳಿಗೂ ಒಂದು ತಟ್ಟೆಗೂ ಅಲ್ಲಿ ವ್ಯತ್ಯಾಸವಿಲ್ಲ, ಇರಲೂಬಾರದು. ಆದರೆ ರಕ್ತ ಆ ರೀತಿ ಲೆಕ್ಕ ಇಡುವುದಿಲ್ಲ. ಕೆಂಪು ರಕ್ತಕಣದ ಆಯುಸ್ಸು ಸುಮಾರು 120 ದಿನ. ಅದರ ಹಿಮೋಗ್ಲೋಬಿನ್‌ಗೆ ಅಂಟಿಕೊಂಡ ಸಕ್ಕರೆಯನ್ನು ಅಳೆಯುವ ಎಚ್‌ಬಿಎ1ಸಿ, ಎರಡು ಮೂರು ತಿಂಗಳ ಸರಾಸರಿಯನ್ನು ಹೇಳುತ್ತದೆಯೇ ಹೊರತು ಒಂದು ಬೆಳಗಿನದನ್ನಲ್ಲ.

ಈ ಯೋಚನೆ ನಮ್ಮ ಕಡೆಯವರದು ಮಾತ್ರವೂ ಅಲ್ಲ. 1975ರಲ್ಲಿ ಹರ್ಮನ್ ಮತ್ತು ಮ್ಯಾಕ್ ಎಂಬ ಮನಶ್ಶಾಸ್ತ್ರಜ್ಞರು ಪ್ರಕಟಿಸಿದ ಪ್ರಯೋಗವೊಂದರಲ್ಲಿ ವಿದ್ಯಾರ್ಥಿನಿಯರಿಗೆ ಮೊದಲು ಮಿಲ್ಕ್‌ಶೇಕ್ ಕುಡಿಸಿ, ಆಮೇಲೆ ರುಚಿ ನೋಡಲೆಂದು ಐಸ್‌ಕ್ರೀಮ್ ಕೊಟ್ಟರು. ಊಟದ ಬಗ್ಗೆ ಕಟ್ಟುನಿಟ್ಟಿಲ್ಲದವರು ಮಿಲ್ಕ್‌ಶೇಕ್ ಕುಡಿದಿದ್ದರಿಂದ ಐಸ್‌ಕ್ರೀಮನ್ನು ಕಡಿಮೆ ತಿಂದರು. ಸದಾ ಬಾಯಿ ಕಟ್ಟುವವರು ಮಾತ್ರ ಏನೂ ಕುಡಿಯದಿದ್ದ ತಮ್ಮಂಥವರಿಗಿಂತ ಹೆಚ್ಚು ತಿಂದರು. ಮರುವರ್ಷ ಜಾನೆಟ್ ಪೊಲಿವಿ ಪ್ರಕಟಿಸಿದ ಅಧ್ಯಯನ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ: ತಿಂದದ್ದರಲ್ಲಿ ನಿಜವಾಗಿ ಎಷ್ಟು ಕ್ಯಾಲೊರಿ ಇತ್ತು ಎಂಬುದಕ್ಕಿಂತ, ಹೆಚ್ಚು ತಿಂದೆ ಎಂಬ ನಂಬಿಕೆಯೇ ಅವರನ್ನು ಮತ್ತಷ್ಟು ತಿನ್ನಿಸುತ್ತಿತ್ತು. ಇದನ್ನು ಓದಿದಾಗ ನನಗೆ ದೊಡ್ಡ ಸಮಾಧಾನವಾಗಿತ್ತು. ನಾಲಿಗೆಯ ಚಪಲವೆಂದು ಹಿರಿಯರು ಬೈಯುತ್ತಿದ್ದುದರಲ್ಲಿ ನಾಲಿಗೆಯ ಪಾತ್ರ ಅಷ್ಟೇನೂ ಇರಲಿಲ್ಲ.

ಆ ಚತುರ್ದಶಿಯ ದಿನ ನಾನು ಮಾಡಿದ್ದು ಇಷ್ಟೇ: ಮಧ್ಯಾಹ್ನ ಎಂದಿನ ಊಟವನ್ನೇ ಉಂಡೆ. ಒಂದು ಸಣ್ಣ ರಾಗಿ ಮುದ್ದೆ, ಹುರುಳಿಕಾಳಿನ ಬಸ್ಸಾರು, ಸೊಪ್ಪಿನ ಪಲ್ಯ, ಮಜ್ಜಿಗೆ. ಪಾಯಸವನ್ನು ಬೇಡವೆಂದೆ. ಬೆಳಿಗ್ಗೆ ತಿಂದದ್ದಕ್ಕೆ ಪ್ರಾಯಶ್ಚಿತ್ತವೆಂದು ಊಟ ಬಿಡುವ ಆಸೆಯೂ ಬಂದಿತ್ತು, ಅದನ್ನೂ ಒಪ್ಪಲಿಲ್ಲ. ಊಟ ಬಿಡುವುದು ಸಂಯಮದಂತೆ ಕಾಣುತ್ತದೆ, ಆದರೆ ಅದೂ ಅದೇ ವ್ರತದ ಲೆಕ್ಕ. ಖಾಲಿ ಹೊಟ್ಟೆಯಲ್ಲಿ ಹಾಸನಾಂಬೆಯ ಸರತಿ ಸಾಲಿನಲ್ಲಿ ಗಂಟೆಗಟ್ಟಲೆ ನಿಂತು ಬಂದವಳ ಮುಂದೆ ಸಂಜೆ ಕೋಡುಬಳೆಯ ಡಬ್ಬ ತೆರೆದರೆ ಏನಾಗುತ್ತದೆಂದು ಯಾರಿಗಾದರೂ ಗೊತ್ತು. ಉಂಡು ಹೋಗಿದ್ದರಿಂದ ಸಾಲು ದಣಿಸಿತೇ ಹೊರತು ಹಸಿವು ಕೆರಳಲಿಲ್ಲ. (ಮಧುಮೇಹಕ್ಕೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಊಟ ಬಿಟ್ಟರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು; ಅವರು ಹಬ್ಬದ ಊಟದ ಬಗ್ಗೆ ವೈದ್ಯರೊಂದಿಗೆ ಮೊದಲೇ ಮಾತಾಡಿಕೊಳ್ಳಬೇಕು.)

ನೆಂಟರು ಹೊರಟ ಮೇಲೆ ಅತ್ತಿಗೆ ಒಂದು ಡಬ್ಬ ಕಜ್ಜಾಯ ಬಿಟ್ಟುಹೋದರು. ಅದು ಬೇಗ ಕೆಡುವ ತಿಂಡಿಯಲ್ಲ. ಅಂದೇ ಮುಗಿಸಬೇಕೆಂಬ ಅವಸರವಾಗಲಿ, ಕಣ್ಣಿಗೆ ಬೀಳದಂತೆ ಯಾರಿಗಾದರೂ ಕೊಟ್ಟುಬಿಡಬೇಕೆಂಬ ಭಯವಾಗಲಿ ಬೇಕಿರಲಿಲ್ಲ. ಕೆಲವು ದಿನ ಊಟದ ಕೊನೆಗೆ ಒಂದು ತಿಂದೆ, ಕೆಲವು ದಿನ ತಿನ್ನಲಿಲ್ಲ, ಸಂಜೆ ಮಹಾರಾಜ ಪಾರ್ಕ್‌ನಲ್ಲಿ ನಡೆಯುವುದನ್ನು ಬಿಡಲಿಲ್ಲ. ಮಾಘದಲ್ಲಿ ಮತ್ತೆ ಪರೀಕ್ಷೆ ಮಾಡಿಸಿದಾಗ 5.9 ಇತ್ತು. ವೈದ್ಯರು ಇದೇ ಕ್ರಮ ಸಾಕು ಎಂದರು. ಅವರನ್ನು ಕೇಳಿಕೊಂಡೇ ಶಿವರಾತ್ರಿಯ ಉಪವಾಸವನ್ನು ಮಾತ್ರ ಎಂದಿನ ಕಟ್ಟುನಿಟ್ಟಿನಲ್ಲಿ ಮಾಡಿದೆ, ಏಕೆಂದರೆ ಅದು ವ್ರತ.