ಶ್ಯಾಮಾಳ ಒಂಬತ್ತು ವರ್ಷ

ಮೇ 18, 2024, ಶನಿವಾರ

ಶ್ರೀಲಂಕಾದ ಯುದ್ಧ ಮುಗಿದದ್ದು 2009ರಲ್ಲಿ, ಮೇ ತಿಂಗಳ ಇದೇ ವಾರ. ಮುಳ್ಳಿವಾಯ್ಕಾಲ್‌ನ ಕಡಲ ದಂಡೆಯಲ್ಲಿ ಸತ್ತವರನ್ನು ತಮಿಳರು ಇವತ್ತು ನೆನೆಯುತ್ತಾರೆ. ಆ ಯುದ್ಧದ ನಡುವಿನ ಕಥೆ ಹೇಳುವ ಮಣಿರತ್ನಂ ಅವರ ತಮಿಳು ಸಿನಿಮಾ ‘ಕನ್ನತ್ತಿಲ್ ಮುತ್ತಮಿಟ್ಟಾಲ್’ ನೋಡಿ ಬಹಳ ದಿನ ಆಗಿತ್ತು. ಊಟ ಮುಗಿಸಿ ಹಾಕಿದೆ. ಅತ್ತೆಯೂ ಬಂದು ಕೂತರು.

ಬಸುರಿ ಶ್ಯಾಮಾ ಲಂಕೆಯಿಂದ ದೋಣಿ ಹತ್ತಿ ರಾಮೇಶ್ವರಕ್ಕೆ ಬರುತ್ತಾಳೆ. ನಿರಾಶ್ರಿತರ ಶಿಬಿರದಲ್ಲಿ ಹೆರುತ್ತಾಳೆ. ಕೂಸನ್ನು ಅಲ್ಲೇ ಬಿಟ್ಟು ವಾಪಸ್ ಹೋಗುತ್ತಾಳೆ. ತಿರುಚೆಲ್ವನ್ ಅನ್ನೋ ಲೇಖಕ ಆ ಮಗುವನ್ನು ದತ್ತು ತಗೊಳ್ಳಬೇಕು ಅಂತಲೇ ಇಂದಿರಾಳನ್ನು ಮದುವೆಯಾಗುತ್ತಾನೆ. ಮಗಳು ಅಮುದಾಗೆ ಒಂಬತ್ತು ತುಂಬಿದ ದಿನ ನಿಜ ಹೇಳುತ್ತಾರೆ. ಆಮೇಲೆ ಅವಳದ್ದು ಒಂದೇ ಹಠ, ಹೆತ್ತಮ್ಮನನ್ನು ನೋಡಬೇಕು.

ಅತ್ತೆಗೆ ಸಮಾಧಾನವೇ ಇಲ್ಲ. “ಅಲ್ಲಮ್ಮ, ಆ ತಾಯಿ ಮಗೂನ ಬಿಟ್ಟು ಯಾಕೆ ಹೊರಟುಬಿಟ್ಟಳು?”

“ಗಂಡನಿಗೆ ಏಟು ಬಿದ್ದಿದೆ ಅಂತ ಸುದ್ದಿ ಬಂತಲ್ಲ ಅತ್ತೆ. ಹುಡುಕೋಕೆ ಹೋದಳು.”

“ಸರಿ, ಹೋದಳು. ಆಮೇಲೆ ಒಂಬತ್ತು ವರ್ಷ?”

ನನಗೆ ಉತ್ತರ ಹೊಳೆಯಲಿಲ್ಲ. ಸಿನಿಮಾದಲ್ಲಿ ಶ್ಯಾಮಾಳೂ ಉತ್ತರ ಕೊಡುವುದಿಲ್ಲ. ಕೊನೆಗೆ, ಹೋರಾಟಗಾರರ ಜೊತೆ ಸೇರಿ ಬಂದೂಕು ಹಿಡಿದಿರುವ ತಾಯಿ ಎದುರಾದಾಗ ಅಮುದಾ ಒಂದರ ಹಿಂದೊಂದು ಪ್ರಶ್ನೆ ಕೇಳುತ್ತಾಳೆ. ಯಾಕೆ ಬಿಟ್ಟು ಹೋದೆ? ಅಪ್ಪ ಯಾರು? ಶ್ಯಾಮಾ ಆಗಿರುವ ನಂದಿತಾ ದಾಸ್ ಮುಖ ನೋಡಬೇಕು ಆಗ. ಬಾಯಿಗೆ ಬಂದ ಮಾತು ಅಲ್ಲೇ ನಿಂತುಬಿಡುತ್ತೆ. ನಮ್ಮ ಜೊತೆ ಬಂದುಬಿಡು ಅಂದರೆ, ಇಲ್ಲಿ ಕೆಲಸ ಇದೆ, ಒಂದು ದಿನ ಶಾಂತಿ ಬರುತ್ತೆ, ಆಗ ಬಾ ಅನ್ನುತ್ತಾಳೆ.

ಈ ಮಾತು 2002ರಲ್ಲಿ ಬೇರೆಯೇ ಥರ ಕೇಳಿಸಿರಬೇಕು. ಸಿನಿಮಾ ಬಂದಿದ್ದು ಆ ವರ್ಷದ ಫೆಬ್ರವರಿ 14ಕ್ಕೆ. ಸರಿಯಾಗಿ ಎಂಟು ದಿನಕ್ಕೆ, ಫೆಬ್ರವರಿ 22ಕ್ಕೆ, ನಾರ್ವೆ ನಡುವೆ ನಿಂತು ಲಂಕಾ ಸರ್ಕಾರಕ್ಕೂ ತಮಿಳು ಹೋರಾಟಗಾರರ ಎಲ್‌ಟಿಟಿಇಗೂ ಕದನ ವಿರಾಮದ ಒಪ್ಪಂದ ಮಾಡಿಸಿತು. ಆ ವಾರ ಥಿಯೇಟರಿಗೆ ಹೋದವರು ಶ್ಯಾಮಾಳನ್ನು ನಂಬಿಯೇ ಹೊರಗೆ ಬಂದಿರುತ್ತಾರೆ. 2008ರ ಜನವರಿಯಲ್ಲಿ ಆ ಒಪ್ಪಂದವೂ ಮುರಿದುಬಿತ್ತು. 2009ರಲ್ಲಿ ಬಂದೂಕುಗಳು ನಿಂತಾಗ ಅಮುದಾಗೆ ಹದಿನಾರು ಆಗಿರುತ್ತಿತ್ತು. ಅವಳು ಯಾರನ್ನು ಹುಡುಕಿಕೊಂಡು ಹೋಗಬೇಕಿತ್ತು?

ಈ ಕಥೆಯ ಬೀಜ ಲಂಕೆಯದ್ದಲ್ಲ. ಫಿಲಿಪ್ಪೀನ್ಸ್‌ನಿಂದ ದತ್ತು ತಂದ ಮಗಳನ್ನು ಹೆತ್ತಮ್ಮನ ಹತ್ತಿರ ಕರೆದುಕೊಂಡು ಹೋದ ಅಮೆರಿಕದ ಹೆಂಗಸೊಬ್ಬಳ ಬಗ್ಗೆ ಮಣಿರತ್ನಂ ಓದಿದ್ದರಂತೆ. ಅದನ್ನು ತಮಿಳುನಾಡಿಗೂ ಲಂಕೆಗೂ ನಡುವಿನ ಪಾಕ್ ಜಲಸಂಧಿಯ ಈಚೆ ಆಚೆ ಇಟ್ಟು ನೋಡಿದರು. ಸಂಭಾಷಣೆ ಬರೆದವರು ಸುಜಾತಾ, ಅಂದರೆ ಎಸ್. ರಂಗರಾಜನ್. ನಮ್ಮ ಜಾಲಹಳ್ಳಿಯ ಬಿಇಎಲ್‌ನಲ್ಲಿ ಎಂಜಿನಿಯರ್ ಆಗಿದ್ದವರು, ಮತಯಂತ್ರದ ಕೆಲಸದಲ್ಲೂ ಅವರ ಕೈ ಇದೆ. ಸುಜಾತಾ ಅನ್ನೋದು ಅವರ ಹೆಂಡತಿಯ ಹೆಸರು. ಸಿನಿಮಾದ ತಿರುಚೆಲ್ವನ್ ಕೂಡ ಇಂದಿರಾ ಹೆಸರಿನಲ್ಲೇ ಬರೆಯುತ್ತಾನೆ! ಈ ಸಲ ಅದು ಗಮನಕ್ಕೆ ಬಂದು ತುಂಬಾ ಖುಷಿಯಾಯಿತು.

ಯುದ್ಧದ ಸಿನಿಮಾ ಅಂದರೆ ಸಿಡಿತ, ಹೊಗೆ ಅಂದುಕೊಳ್ಳುತ್ತೇವೆ. ಇಲ್ಲೂ ಅದೆಲ್ಲ ಇದೆ, ರವಿ ಕೆ. ಚಂದ್ರನ್ ಕ್ಯಾಮೆರಾ ನಮ್ಮನ್ನು ಅದರ ಮಧ್ಯೆಯೇ ನಿಲ್ಲಿಸುತ್ತೆ. ಆದರೆ ನನ್ನನ್ನು ಅಲ್ಲಾಡಿಸಿದ್ದು ‘ವಿಡೈ ಕೊಡು ಎಂಗಳ್ ನಾಡೇ’ ಹಾಡು. ಊರಿಗೆ ಊರೇ ಗಂಟುಮೂಟೆ ಹೊತ್ತು ಹೊರಟಿದೆ. ಹಿಂದೆ ಎಂ.ಎಸ್. ವಿಶ್ವನಾಥನ್ ಅವರ ದನಿ. ಆಗ ಅವರಿಗೆ ಎಪ್ಪತ್ತು ದಾಟಿತ್ತು. ಒಂದು ಕಾಲಕ್ಕೆ ತಮಿಳು ಸಿನಿಮಾ ಸಂಗೀತವನ್ನೇ ಆಳಿದವರು, ಇಲ್ಲಿ ರೆಹಮಾನ್ ರಾಗಕ್ಕೆ ಹಾಡಿದ್ದಾರೆ. ಆ ದನಿಯಲ್ಲಿ ನಯ ಕಮ್ಮಿ, ವಯಸ್ಸು ಜಾಸ್ತಿ. ತಾಯ್ನೆಲಕ್ಕೆ ವಿದಾಯ ಹೇಳೋಕೆ ಅಂಥ ದನಿಯೇ ಬೇಕಿತ್ತು.

ಆರು ರಾಷ್ಟ್ರಪ್ರಶಸ್ತಿ ಬಂದವು. ರೆಹಮಾನ್, ಹಾಡು ಬರೆದ ವೈರಮುತ್ತು, ಸಂಕಲನಕಾರ ಶ್ರೀಕರ್ ಪ್ರಸಾದ್, ಅಮುದಾ ಆಗಿದ್ದ ಪುಟ್ಟ ಕೀರ್ತನಾ, ಎಲ್ಲರಿಗೂ. ಜೆರುಸಲೇಮ್ ಚಿತ್ರೋತ್ಸವದಲ್ಲೂ ಗೌರವ ಸಿಕ್ಕಿತು. ಗಲ್ಲಾಪೆಟ್ಟಿಗೆ ಮಾತ್ರ ಅಷ್ಟಾಗಿ ತುಂಬಲಿಲ್ಲ.

ಒಂದು ದೂರು ಆಗಿನಿಂದಲೂ ಇದೆ: ಈ ಯುದ್ಧ ಯಾಕೆ ಅಂತ ಸಿನಿಮಾ ಹೇಳುವುದೇ ಇಲ್ಲ. ನಾನು ಅದನ್ನು ಒಪ್ಪುತ್ತೇನೆ. 1981ರಲ್ಲಿ ಜಾಫ್ನಾದ ಗ್ರಂಥಾಲಯ ಸುಟ್ಟಿದ್ದು, 1983ರ ಜುಲೈನಲ್ಲಿ ಕೊಲಂಬೊದಲ್ಲಿ ತಮಿಳರ ಮನೆ ಅಂಗಡಿಗಳಿಗೆ ಬೆಂಕಿ ಇಟ್ಟಿದ್ದು ಗೊತ್ತಿಲ್ಲದವರಿಗೆ ಶ್ಯಾಮಾ ಬಂದೂಕು ಹಿಡಿದದ್ದು ಸುಮ್ನೆ ಮೊಂಡುತನದ ಹಾಗೆ ಕಾಣುತ್ತೆ. ಅತ್ತೆಗೂ ಹಾಗೇ ಕಂಡಿತು. ಅದು ಅತ್ತೆಯ ತಪ್ಪಲ್ಲ. ನಾನು 83ರ ಕಥೆ ಹೇಳಿದ ಮೇಲೆ, “ಇದನ್ನ ಮೊದಲೇ ತೋರಿಸಬೇಕಿತ್ತಲ್ವಾ” ಅಂದರು.

ಪ್ರಕಾಶ್ ರಾಜ್ ಪಾತ್ರಕ್ಕೂ ಇನ್ನಷ್ಟು ಜಾಗ ಬೇಕಿತ್ತು. ತಮಿಳು ಹುಡುಗಿಯ ತಾಯಿಯನ್ನು ಹುಡುಕಲು ಓಡಾಡುವ ಸಿಂಹಳ ವೈದ್ಯ ಅವರು. ಕಾಡಿನಲ್ಲಿ ಹೋರಾಟಗಾರರ ಕೈಗೆ ಸಿಕ್ಕಿಬಿದ್ದಾಗ, ತಿರುಚೆಲ್ವನ್ ಹೇಳಿದ ಒಂದು ತಮಿಳು ಕವಿತೆ ಇಬ್ಬರ ಜೀವ ಉಳಿಸುತ್ತೆ. ಅಂಥ ಮನುಷ್ಯನ ಒಳಗೆ ಏನು ನಡೆಯುತ್ತಿತ್ತು ಅಂತ ತಿಳಿಯುವ ಆಸೆ ನನಗೆ ಹಾಗೇ ಉಳಿಯಿತು.

ಇದು ಅಮುದಾಳ ಸಿನಿಮಾ, ಇಂದಿರಾಳ ಸಿನಿಮಾ. ಅಷ್ಟರ ಮಟ್ಟಿಗೆ ಇದಕ್ಕಿಂತ ಚೆನ್ನಾಗಿ ಮಾಡೋಕೆ ಆಗಲ್ಲ ಅಂತಲೇ ನನಗೆ ಅನ್ನಿಸುತ್ತೆ. ಆದರೆ ಶ್ಯಾಮಾಳ ಒಂಬತ್ತು ವರ್ಷ ಬೇರೆಯೇ ಸಿನಿಮಾ. ಹಾಲು ಬತ್ತದ ಎದೆ ಹೊತ್ತು ಲಂಕೆಯ ಮಾಂಕುಳಂಗೆ ಮರಳಿದವಳು ಏನು ನೋಡಿದಳು, ಯಾವ ದಿನ ಬಂದೂಕು ಎತ್ತಿಕೊಂಡಳು, ಅದನ್ನು ಅಲ್ಲೇ ಬದುಕಿ ಉಳಿದ ಹೆಂಗಸೊಬ್ಬಳು ಮಾಡಿದರೆ ನಾನು ಮೊದಲ ದಿನವೇ ಹೋಗಿ ನೋಡುತ್ತೇನೆ. ಅತ್ತೆಯನ್ನೂ ಕರೆದುಕೊಂಡು.