ಹತ್ತುವಾಗ ಹೆಂಗಸರ ಎದೆ ಯಾಕೆ ಜೋರಾಗಿ ಬಡಿದುಕೊಳ್ಳುತ್ತೆ?

ನಾನು ಗಂಗಾವತಿಯಲ್ಲಿ ಪಿಟಿ ಮಾಸ್ತರ. ಭಾನುವಾರ ನಸುಕಿನಲ್ಲಿ ಹತ್ತು ಹದಿನೈದು ಮಂದಿ ಸೇರಿ ಅಂಜನಾದ್ರಿ ಹತ್ತುತ್ತೇವೆ. 575 ಮೆಟ್ಟಿಲು. ಅರ್ಧದಲ್ಲಿ ದಮ್ಮು ತಗೊಳ್ಳಲು ನಿಂತಾಗ ಯಾರಾದರೊಬ್ಬರು ಮುಂಗೈ ಚಾಚಿ ಕೇಳುತ್ತಾರೆ: "ಸರ್, ನನ್ನ ವಾಚಿನ್ಯಾಗ 128 ಐತಿ, ಈಕಿದು 150. ಈಕಿ ಹಾರ್ಟ್ ವೀಕ್ ಐತೇನ್ರೀ?" ಪಕ್ಕದಲ್ಲಿ ಆಕೆ ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತ ಸುಮ್ನೆ ನಿಂತಿರುತ್ತಾಳೆ.

ಸಾಮಾನ್ಯವಾಗಿ ವೀಕ್ ಅಲ್ಲ, ಚಿಕ್ಕದು. ಗಂಡಸಿನ ಹೃದಯ ಸುಮಾರು 300 ಗ್ರಾಂ ತೂಗಿದರೆ ಹೆಂಗಸಿನದು 250 ಗ್ರಾಂ. ಒಂದು ಬಡಿತಕ್ಕೆ ಹೊರಬರುವ ರಕ್ತವೂ ಕಡಿಮೆ. ಚಿಕ್ಕ ಕೊಡದಲ್ಲಿ ಹಂಡೆ ತುಂಬಿಸಬೇಕಂದ್ರೆ ನಲ್ಲಿಗೆ ಜಾಸ್ತಿ ಸಲ ಓಡಾಡಬೇಕು ಅಲ್ವಾ? ಸಾಲದ್ದಕ್ಕೆ ಹೆಂಗಸರ ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್ ಸ್ವಲ್ಪ ಕಡಿಮೆ. ಅಷ್ಟೇ ಆಮ್ಲಜನಕ ಮುಟ್ಟಿಸಲು ಹೆಚ್ಚು ರಕ್ತ ಹರಿಸಬೇಕು. ಇಬ್ಬರೂ ಒಂದೇ ವೇಗದಲ್ಲಿ ಹತ್ತಿದರೆ ಆಕೆಯ ವಾಚು ಮುಂದಿರುವುದು ಸಹಜ.

ಆದರೆ ಅದು ಪಂಪಿನ ಲೆಕ್ಕ ಮಾತ್ರ. ನಮ್ಮ ತುಂಗಭದ್ರಾ ಎಡದಂಡೆ ಕಾಲುವೆ ನೋಡಿದವರಿಗೆ ಗೊತ್ತು: ಡ್ಯಾಮಿನಿಂದ ಎಷ್ಟು ಬಿಟ್ಟರು ಅನ್ನೋದು ಒಂದು, ಹೊಲದ ತೂಬು ತೆರೆಯಿತಾ ಅನ್ನೋದು ಇನ್ನೊಂದು. ಸುಮ್ನೆ ಕೂತಾಗ ಹೃದಯ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ದೂಡುತ್ತೆ. ಸ್ನಾಯುಗಳಿಗೆ ಸಿಗುವುದು ಅದರಲ್ಲಿ ಒಂದು ಲೀಟರ್ ಆಸುಪಾಸು. ಜೋರಾಗಿ ಹತ್ತುವಾಗ ಹೊಟ್ಟೆ ಕಡೆಯ ತೂಬು ಇಳಿದು, ಕಾಲಿನ ತೂಬು ತೆರೆಯುತ್ತೆ. ಈ ತೆರೆಯುವ ಕೆಲಸದಲ್ಲಿ ಹೆಂಗಸರು ಮುಂದು. ಈಸ್ಟ್ರೋಜೆನ್ ಹಾರ್ಮೋನು ರಕ್ತನಾಳದ ಒಳಪದರದಿಂದ ನೈಟ್ರಿಕ್ ಆಕ್ಸೈಡ್ ಹೆಚ್ಚು ಬರುವಂತೆ ಮಾಡುತ್ತೆ, ನಾಳ ಸಡಿಲವಾಗುತ್ತೆ. ಕಾಲಿನ ಕಸರತ್ತು ಮಾಡಿಸಿ ಅಳೆದಾಗ ಹರೆಯದ ಹೆಂಗಸರ ತೊಡೆಯ ನಾಳ ಗಂಡಸರದ್ದಕ್ಕಿಂತ ಚೆನ್ನಾಗಿ ಹಿಗ್ಗಿದ್ದು ಕಂಡಿದೆ. ಮುಟ್ಟು ನಿಂತ ಮೇಲೆ ಈ ಅನುಕೂಲ ಕರಗುತ್ತಾ ಹೋಗುತ್ತೆ. ಆಮೇಲೆ ಬಿಪಿ ನೋಡಿಸಿಕೊಳ್ಳುತ್ತಿರಬೇಕು.

ಶಾಲೆಯಲ್ಲಿ ಒಂದು ಆಟ ಆಡಿಸುತ್ತೇನೆ. ಸ್ಪ್ರಿಂಗ್ ಕಾಟಾವನ್ನು ಕಿಟಕಿ ಸರಳಿಗೆ ಸಿಕ್ಕಿಸಿ, ಮೊದಲು ಪೂರ್ತಿ ಬಲ ಹಾಕಿ ಎಳೆಯಲು ಹೇಳುವುದು. ಹತ್ತನೇ ಕ್ಲಾಸಿನ ಹುಡುಗ 30 ಕೆಜಿ ಎಳೆದ, ಹುಡುಗಿ 20. ಹುಡುಗರೆಲ್ಲ ಹೋ ಅಂದರು. ಈಗ ಇಬ್ಬರೂ ತಮ್ಮ ಬಲದ ಐದನೇ ಒಂದು ಪಾಲಲ್ಲಿ, ಅವನು 6ರಲ್ಲಿ, ಅವಳು 4ರಲ್ಲಿ, ಮುಳ್ಳು ಅಲುಗದಂತೆ ಹಿಡಿಯಬೇಕು. ಹುಡುಗನ ತೋಳು ನಡುಗಿ ಮುಳ್ಳು ಕುಣಿಯತೊಡಗಿದಾಗ ಅವಳು ಗೆಳತಿ ಜೊತೆ ಮಾತಾಡುತ್ತಾ ನಿಂತಿದ್ದಳು. ದಪ್ಪ ಸ್ನಾಯು ಬಿಗಿದಾಗ ತನ್ನೊಳಗಿನ ನಾಳಗಳನ್ನೇ ಅದುಮಿಬಿಡುತ್ತೆ, ಪೈಪಿನ ಮೇಲೆ ಕಾಲಿಟ್ಟ ಹಾಗೆ. ಅವಳ ಸ್ನಾಯುವಿಗೆ ರಕ್ತ ಹರಿಯುತ್ತಲೇ ಇತ್ತು. ನಿಧಾನವಾಗಿ ದಣಿಯುವ ಎಳೆಗಳೂ ಹೆಂಗಸರಲ್ಲಿ ಹೆಚ್ಚಿನ ಪಾಲು ಇರುತ್ತವೆ. ಭಾರ ಜಾಸ್ತಿಯಾದಷ್ಟೂ ಈ ಅಂತರ ಕಡಿಮೆಯಾಗುತ್ತೆ, ಅದನ್ನೂ ಹೇಳಬೇಕು.

ನನಗೆ ಸಿಟ್ಟು ಬರುವುದು ಇನ್ನೊಂದಕ್ಕೆ. ಕಳೆದ ವರ್ಷ ನಮ್ಮ ಗುಂಪಿನ ಅಕ್ಕ ಒಬ್ಬರು ಮುನ್ನೂರು ಮೆಟ್ಟಿಲಿಗೇ ಕೂತುಬಿಟ್ಟರು. ತುಟಿ ಬಿಳಿಚಿತ್ತು. "ಹೆಣ್ಮಕ್ಕಳಂದ್ರ ಹಿಂಗ ಬಿಡ್ರೀ" ಅಂದರು ಯಜಮಾನರು. ರಕ್ತ ನೋಡಿಸಿದರೆ ಹಿಮೋಗ್ಲೋಬಿನ್ 8.6! ಹೆಂಗಸರಿಗೆ 12ಕ್ಕಿಂತ ಕೆಳಗಿದ್ದರೆ ರಕ್ತಹೀನತೆ, ಗಂಡಸರಿಗೆ 13. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ 57% ಮಂದಿಗೆ ಇದಿತ್ತು. ಅರ್ಧಕ್ಕಿಂತ ಜಾಸ್ತಿ ಜನರ ಕಾಯಿಲೆಯನ್ನು ಹುಟ್ಟುಗುಣ ಅಂದುಕೊಂಡು ಕೂತಿದ್ದೇವೆ. ಆ ಅಕ್ಕ ಡಾಕ್ಟರು ಕೊಟ್ಟ ಐರನ್ ಗುಳಿಗೆಯನ್ನು ನಾಲ್ಕು ತಿಂಗಳು ನುಂಗಿದರು. ಈಗ ನನಗಿಂತ ಮುಂದೆ ಇರುತ್ತಾರೆ.

ಅದಕ್ಕೆ ವಾಚು ತೋರಿಸಿದವರಿಗೆ ನಾನು ಮೊದಲು ಕೇಳುವುದು, ರಕ್ತ ಯಾವಾಗ ನೋಡಿಸಿದ್ರಿ ಅಂತ. ಆಮೇಲೆ ಇಬ್ಬರಿಗೂ ಇನ್ನೊಂದು ಮಾತು: ಮೇಲೆ ಮುಟ್ಟಿದ ಕೂಡಲೇ ಕಲ್ಲಿನ ಮೇಲೆ ಕುಕ್ಕರಿಸಬೇಡಿ. ಕಾಲಿನ ತೂಬು ಇನ್ನೂ ತೆರೆದೇ ಇರುತ್ತೆ, ರಕ್ತ ಅಲ್ಲೇ ನಿಂತು ತಲೆ ತಿರುಗುತ್ತೆ, ಹೆಂಗಸರಿಗೆ ಸ್ವಲ್ಪ ಜಾಸ್ತಿ. ಗುಡಿಗೆ ಎರಡು ಸುತ್ತು ಹಾಕಿ ಬನ್ನಿ, ಆಮೇಲೆ ಕೂತು ನೀರು ಕುಡಿಯೋಣ.