ಸುಣ್ಣ ಕರಗಿಹೋದ ಸ್ಲೈಡು

ಫೈಸಾರಂ (ಸ್ಲೈಮ್ ಮೋಲ್ಡ್ ಎಂಬ, ಶಿಲೀಂಧ್ರದಂತೆ ಕಾಣುವ ಪುಟ್ಟ ಜೀವಿಗಳಲ್ಲಿ ಒಂದು) ಎಂದು ನಾನು ಹೆಸರು ಬರೆದಿದ್ದ ಮಾದರಿಯ ಪ್ಯಾಕೆಟ್ ವಾಪಸ್ ಬಂತು. ಮೇಲೆ ಸೀನಿಯರ್ ಕೈಬರಹ: "ಸುಣ್ಣ ಇಲ್ಲ. ಸ್ಟೆಮೊನೈಟಿಸ್ ಕಡೆ ನೋಡಿ." ಸ್ಟೆಮೊನೈಟಿಸ್ ಇನ್ನೊಂದು ಬಗೆಯ ಸ್ಲೈಮ್ ಮೋಲ್ಡ್. ಆ ಷರಾ ನೆನೆದರೆ ಈಗಲೂ ಬೇಜಾರಾಗುತ್ತದೆ.

ಅವರು ನೋಡಿದ್ದು ಬರೀ ಸ್ಲೈಡು. ಅದರಲ್ಲಿ ಸುಣ್ಣ ಇರಲಿಲ್ಲ, ನಿಜ. ಹೇಗಿರುತ್ತದೆ? ನಮ್ಮಲ್ಲಿ ಬಂದದ್ದೆಲ್ಲಾ ಲ್ಯಾಕ್ಟೋಫೀನಾಲ್ ಕಾಟನ್ ಬ್ಲೂ ಎಂಬ ಬಣ್ಣದ ದ್ರಾವಣದಲ್ಲೇ ಸ್ಲೈಡಿನ ಮೇಲೆ ಮೌಂಟ್ ಆಗಬೇಕು. ಅದರಲ್ಲಿರುವ ಲ್ಯಾಕ್ಟಿಕ್ ಆಮ್ಲ ಸುಣ್ಣವನ್ನು, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟನ್ನು, ಕರಗಿಸಿಬಿಡುತ್ತದೆ. ಫೈಸಾರಂ ಸೇರಿರುವ ಫೈಸರೇಸಿಯೇ ಕುಟುಂಬದ ಗುರುತೇ ಆ ಸುಣ್ಣ. ಅದು ಹೋದರೆ ಉಳಿಯುವುದು ಕಪ್ಪು ಬೀಜಕಗಳು, ಬಣ್ಣವಿಲ್ಲದ ಎಳೆಗಳು, ಅಷ್ಟೇ.

ಹಾಗಾಗಿ ಒಣ ಮಾದರಿಯನ್ನೇ ಮತ್ತೆ ನೋಡಲು ಕೂತೆ. ಸೀನಿಯರ್ ಪಕ್ಕದಲ್ಲೇ ನಿಂತಿದ್ದರು. ಪ್ಯಾಕೆಟ್ಟಿನಲ್ಲಿ ಒಡೆಯದೆ ಉಳಿದಿದ್ದ ಬೀಜಕಕೋಶಗಳು ತೀರಾ ಕಡಿಮೆ. ಒಂದನ್ನು ಒಣಗಿದ್ದ ಹಾಗೇ ಸ್ಟೀರಿಯೋ ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಉಸಿರು ತಾಗಿದರೂ ಹಾರಿಹೋಗುವಷ್ಟು ಹಗುರ. ಗೋಡೆಯ ಮೇಲೆ ಬಿಳಿ ಪುಡಿ ಪುಡಿ ಸುಣ್ಣ. ಡಿಡಿಮಿಯಂ ಎಂಬ ಇನ್ನೊಂದು ಸ್ಲೈಮ್ ಮೋಲ್ಡ್ ಆಗಿದ್ದರೆ ನಕ್ಷತ್ರದಂಥ ಹರಳುಗಳು ಕಾಣಬೇಕಿತ್ತು. ಸೂಜಿಯಿಂದ ಮೆಲ್ಲಗೆ ಬಿಡಿಸಿದೆ. ಒಳಗಿನ ಬಲೆಯಲ್ಲಿ ಅಲ್ಲಲ್ಲಿ ಬಿಳಿ ಗಂಟು, ಗಂಟಿನಿಂದ ಗಂಟಿಗೆ ತೆಳ್ಳನೆಯ ಎಳೆ. ಇಡೀ ಬಲೆಯೇ ಸುಣ್ಣ ತುಂಬಿಕೊಂಡಿದ್ದರೆ ಬ್ಯಾಧಾಮಿಯಾ (ಫೈಸಾರಂನ ಹತ್ತಿರದ ನೆಂಟ) ಅನ್ನುತ್ತಿದ್ದೆ. ಇದು ಹಾಗಿರಲಿಲ್ಲ. ಸ್ಟೆಮೊನೈಟಿಸ್‌ನಲ್ಲಿ ಬಲೆ ನಡುಗಂಬದಿಂದ ಕವಲೊಡೆಯುತ್ತದೆ. ಇಲ್ಲಿ ನಡುಗಂಬವೇ ಇಲ್ಲ.

ಕೊನೆಗೆ ಒಂದು ಚೂರಿಗೆ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದ ಹನಿ ಬಿಟ್ಟೆ. ಸಣ್ಣ ಗುಳ್ಳೆಗಳೆದ್ದವು, ಗಂಟುಗಳು ಕಣ್ಣೆದುರೇ ಮಾಯವಾದವು. ಸೀನಿಯರ್ ಏನೂ ಹೇಳದೆ ತಮ್ಮ ಷರಾ ಹೊಡೆದುಹಾಕಿ ಸಹಿ ಮಾಡಿದರು.

ನನ್ನ ತಕರಾರು ಅವರ ಮೇಲಲ್ಲ, ಎಸ್‌ಒಪಿ ಮೇಲೆ, ಅಂದರೆ ಕೆಲಸ ಹೀಗೇ ಮಾಡಬೇಕು ಎಂದು ಬರೆದಿಟ್ಟ ಕ್ರಮದ ಮೇಲೆ. ಅದನ್ನು ಬರೆದದ್ದು ಶಿಲೀಂಧ್ರಗಳಿಗೆ. ಸ್ಲೈಮ್ ಮೋಲ್ಡ್ ಶಿಲೀಂಧ್ರವೇ ಅಲ್ಲ. ಜರ್ಮನ್ ಸಸ್ಯವಿಜ್ಞಾನಿ ಆಂಟನ್ ಡಿ ಬಾರಿ 1859ರಲ್ಲೇ ಇವನ್ನು ಬೇರೆ ಮಾಡಿ ಮೈಸೆಟೋಜೋವಾ ಎಂದು ಕರೆದಿದ್ದರು. ಡಿಎನ್‌ಎ ನೋಡಿದವರು ಫೈಸಾರಂ, ಬ್ಯಾಧಾಮಿಯಾ ನಡುವಿನ ಗೆರೆಯೂ ಗಟ್ಟಿಯಿಲ್ಲ ಅನ್ನುತ್ತಿದ್ದಾರೆ. ಹೆಸರುಗಳು ನಾಳೆ ಬದಲಾಗಬಹುದು. ಆಗ ಮತ್ತೆ ತೆಗೆದು ನೋಡಲು ಸುಣ್ಣವಿರುವ ಮಾದರಿ ಬೇಕಲ್ವಾ?

ಒಣ ಮಾದರಿಯ ಫೋಟೋ ಮೊದಲು, ಮೌಂಟ್ ಆಮೇಲೆ ಎಂದು ಒಂದೇ ಸಾಲು ಸೇರಿಸಿ ಅಂತ ಬರೆದುಕೊಟ್ಟಿದ್ದೇನೆ. ಫೈಲು ಇನ್ನೂ ಮೇಲಿನವರ ಮೇಜಿನ ಮೇಲಿದೆ. ಅಲ್ಲಿಯವರೆಗೆ ಪ್ರತಿ ಪ್ಯಾಕೆಟ್ಟಿನ ಮೇಲೂ "ಮೊದಲು ಒಣಗಿದ್ದನ್ನೇ ನೋಡಿ" ಎಂದು ಪೆನ್ಸಿಲ್‌ನಲ್ಲಿ ಬರೆದು ಕಳಿಸುತ್ತಿದ್ದೇನೆ.